ಶಾಲೆಯ ಬಾಗಿಲು ತೆರೆಯುವ ಮುನ್ನ ಕಿಟಕಿ ತೆರೆಯಲಿ

ಮಾನ್ಯ ಸಂಪಾದಕರೇ,

ಇನ್ನು ಎರಡು ವಾರದಲ್ಲಿ ಶಾಲೆಗಳು ಶುರುವಾಗುತ್ತವೆ, ಬೆನ್ನಲ್ಲೇ ಮುಂಗಾರು. ಜುಲೈ ಹೊತ್ತಿಗೆ ದಾವಣಗೆರೆಯ ಮಕ್ಕಳ ಕ್ಲಿನಿಕ್‌ಗಳ ಮುಂದೆ ಟವೆಲ್ ಸುತ್ತಿದ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಮೆಟ್ಟಿಲ ತನಕ ನಿಂತಿರುತ್ತಾರೆ. ‘ಸೀಸನ್ ಜ್ವರ, ಎಲ್ಲರ ಮನೆಯಲ್ಲೂ ಇದೆ’ ಎಂಬ ಮಾತು ಓಣಿ ಓಣಿಯಲ್ಲಿ ಕೇಳುತ್ತದೆ. ಎಲ್ಲರ ಮನೆಗೂ ಬರುವುದು ಹೌದು, ಬರಲೇಬೇಕೆಂದೇನೂ ಇಲ್ಲ. ಈ ಜ್ವರಗಳಲ್ಲಿ ಮುಖ್ಯವಾದ ಇನ್‌ಫ್ಲುಯೆಂಜಾ (ಫ್ಲೂ) ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ, ನಮ್ಮ ಊರಿನ ಕೋಣೆಗಳಲ್ಲಿ ಅದನ್ನು ಎಲ್ಲಿ ತಡೆಯಬಹುದು ಎಂಬುದನ್ನು ಓದುಗರ, ಅದರಲ್ಲೂ ಶಾಲೆ, ಹಾಸ್ಟೆಲ್, ಟ್ಯೂಷನ್, ಕ್ಲಿನಿಕ್ ನಡೆಸುವವರ ಗಮನಕ್ಕೆ ತರಲು ಈ ಪತ್ರ.

ನಮ್ಮನ್ನು ಪ್ರತಿ ವರ್ಷ ಕಾಡುವುದು ಇನ್‌ಫ್ಲುಯೆಂಜಾದ ಎ ಮತ್ತು ಬಿ ಬಗೆಗಳು. ಎ ಬಗೆಯಲ್ಲಿ ಎಚ್‌1ಎನ್‌1 ಮತ್ತು ಎಚ್‌3ಎನ್‌2 ಎಂಬ ಎರಡು ಉಪಬಗೆಗಳು ಓಡಾಡುತ್ತಿವೆ. 2009ರಲ್ಲಿ ‘ಹಂದಿಜ್ವರ’ ಎಂದು ಜಗತ್ತನ್ನೇ ಹೆದರಿಸಿದ ಎಚ್‌1ಎನ್‌1 ಈಗ ವರ್ಷ ವರ್ಷವೂ ಬರುವ ಮಾಮೂಲಿ ಫ್ಲೂ ಆಗಿದೆ. ಅದು ಬರುವುದು ಮನುಷ್ಯರಿಂದಲೇ, ಬೇಯಿಸಿದ ಹಂದಿಮಾಂಸದಿಂದಲ್ಲ. ನೆಗಡಿ ನಿಧಾನವಾಗಿ ಏರುತ್ತದೆ. ಫ್ಲೂ ಹಾಗಲ್ಲ: ಬೆಳಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿ, ಮೈಕೈ ನೋವು, ತಲೆನೋವು, ಒಣಕೆಮ್ಮಿನಿಂದ ಹಾಸಿಗೆ ಹಿಡಿಯುತ್ತಾರೆ. ವೈರಾಣು ಒಳಹೊಕ್ಕ ಒಂದರಿಂದ ನಾಲ್ಕು ದಿನಗಳಲ್ಲಿ, ಬಹುತೇಕ ಎರಡನೇ ದಿನ, ಲಕ್ಷಣ ಕಾಣುತ್ತದೆ. ಲಕ್ಷಣ ಕಾಣುವ ಒಂದು ದಿನ ಮೊದಲೇ ರೋಗಿಯ ಉಸಿರಿನಿಂದ ವೈರಾಣು ಹೊರಬೀಳಲು ಶುರುವಾಗಿ, ಆಮೇಲೆ ಐದಾರು ದಿನ ಮುಂದುವರಿಯುತ್ತದೆ. ಮೊದಲ ಮೂರು ದಿನ ಅತಿ ಹೆಚ್ಚು, ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು ದಿನ. ಆದ್ದರಿಂದಲೇ ‘ಕೆಮ್ಮುವವರಿಂದ ದೂರ ಇರಿ’ ಎಂಬ ಎಚ್ಚರಿಕೆ ಒಂದೇ ಸಾಲದು. ಕೆಮ್ಮು ಶುರುವಾಗುವ ಮುನ್ನವೇ ಪಕ್ಕದ ಬೆಂಚಿನ ಹುಡುಗ ಹಂಚುತ್ತಿರುತ್ತಾನೆ.

ಹಂಚುವುದು ಹೇಗೆ? ಇಲ್ಲೇ ನಮ್ಮ ತಿಳಿವಳಿಕೆ ಅರ್ಧಕ್ಕೆ ನಿಂತಿದೆ. ಕೆಮ್ಮಿದಾಗ ಹಾರುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ, ನಿಜ. ಆದರೆ ಮಾತಾಡಿದಾಗ, ಪಾಠ ಒಪ್ಪಿಸಿದಾಗ, ಹಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಕಣ್ಣಿಗೆ ಕಾಣದ ಸಣ್ಣ ಕಣಗಳು ಹೊರಬರುತ್ತವೆ. ಅವು ನೆಲಕ್ಕೆ ಬೀಳುವ ಮುನ್ನವೇ ಒಣಗಿ ಹಗುರಾಗಿ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದರೆ ಘಾಟು ಪಡಸಾಲೆಯಲ್ಲಿ ಕೂತವರನ್ನೂ ಕೆಮ್ಮಿಸುತ್ತದಲ್ಲ? ಆರಡಿ ದೂರ ಕೂತಿದ್ದೇನೆಂದು ಘಾಟು ಬಿಡುತ್ತದೆಯೇ? ಹಿತ್ತಲ ಬಾಗಿಲು, ಮುಂದಿನ ಬಾಗಿಲು ಎರಡನ್ನೂ ತೆರೆದರೆ ಮಾತ್ರ ಹೋಗುತ್ತದೆ. ಫ್ಲೂ ರೋಗಿಯ ಉಸಿರೂ ಹಾಗೆಯೇ, ಮೂಗಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಇದಕ್ಕೆ ಹಳೆಯ ಸಾಕ್ಷಿಯೂ ಇದೆ. 1977ರ ಮಾರ್ಚ್‌ನಲ್ಲಿ ಅಲಾಸ್ಕಾದಲ್ಲಿ 54 ಜನರಿದ್ದ ಒಂದು ವಿಮಾನ ಎಂಜಿನ್ ಕೆಟ್ಟು ನೆಲದ ಮೇಲೇ ಗಂಟೆಗಟ್ಟಲೆ ನಿಂತಿತು. ಗಾಳಿ ಬದಲಿಸುವ ವ್ಯವಸ್ಥೆಯೂ ನಿಂತಿತ್ತು. ಒಳಗಿದ್ದ ಒಬ್ಬ ಪ್ರಯಾಣಿಕರಿಗೆ ಫ್ಲೂ ಇತ್ತು. ಮೂರು ದಿನ ಕಳೆಯುವುದರೊಳಗೆ ಒಳಗಿದ್ದವರಲ್ಲಿ ಶೇ 72ರಷ್ಟು ಮಂದಿ ಮಲಗಿದರು. ಅವರೆಲ್ಲರನ್ನೂ ಆ ರೋಗಿ ಮುಟ್ಟಿರಲಿಲ್ಲ. ಗಾಳಿ ಮಾತ್ರ ಎಲ್ಲರದ್ದೂ ಒಂದೇ ಆಗಿತ್ತು.

ಈಗ ಒಂದು ಸಣ್ಣ ಲೆಕ್ಕ. ದಡಾರ ಬಂದ ಒಂದು ಮಗು, ಲಸಿಕೆ ಇಲ್ಲದ ಕಡೆ, 12ರಿಂದ 18 ಜನರಿಗೆ ದಾಟಿಸುತ್ತದೆ. ಪ್ರತಿ ವರ್ಷದ ಫ್ಲೂ ಹಾಗಲ್ಲ, ಸರಾಸರಿ ಒಬ್ಬರಿಂದ 1.3 ಜನರಿಗೆ ಮಾತ್ರ. ಅಂದರೆ ಹತ್ತು ರೋಗಿಗಳು ಹದಿಮೂರು ಮಾಡುತ್ತಾರೆ, ಹದಿಮೂರು ಹದಿನೇಳಾಗುತ್ತದೆ. ಈ ದಾಟುವಿಕೆಯಲ್ಲಿ ನಾಲ್ಕನೇ ಒಂದು ಪಾಲನ್ನು ತಡೆದರೂ ಸಾಕು, 1.3 ಎಂಬುದು ಒಂದಕ್ಕಿಂತ ಕೆಳಗಿಳಿದು ಸರಪಳಿ ತಾನಾಗಿ ಸವೆಯುತ್ತದೆ. ಪೂರ್ತಿ ತಡೆಯಬೇಕಿಲ್ಲ, ನಾಲ್ಕರಲ್ಲಿ ಒಂದು ಸಾಕು. ಕೊರೊನಾ ಕಾಲದಲ್ಲಿ ಕಂಡದ್ದೂ ಇದನ್ನೇ: 2020-21ರಲ್ಲಿ ಜಗತ್ತಿನಾದ್ಯಂತ ಫ್ಲೂ ಹೆಚ್ಚುಕಡಿಮೆ ಮಾಯವಾಯಿತು. ಬಿ ಬಗೆಯ ‘ಯಮಗಾಟಾ’ ಎಂಬ ಒಂದು ವಂಶವಂತೂ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲಿಯೂ ಪತ್ತೆಯಾಗಿಲ್ಲ. ಲಸಿಕೆಯಿಂದಲೂ ಅದನ್ನು ಈಗ ಕೈಬಿಟ್ಟಿದ್ದಾರೆ. ಆಗಿನ ಲಾಕ್‌ಡೌನ್ ಯಾರಿಗೂ ಮತ್ತೆ ಬೇಡ. ಆದರೆ ಫ್ಲೂ ಬಗ್ಗದ ಶತ್ರುವಲ್ಲ ಎಂಬುದು ಅದರಿಂದ ಗೊತ್ತಾಯಿತು.

ಹಾಗಾದರೆ ಆ ನಾಲ್ಕನೇ ಒಂದು ಪಾಲನ್ನು ಎಲ್ಲಿ ಹುಡುಕಬೇಕು? ಎಲ್ಲಕ್ಕಿಂತ ಮೊದಲು ತರಗತಿ ಕೋಣೆಯಲ್ಲಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆ, ಒಳಗೆ 40 ಮಕ್ಕಳು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 420 ಭಾಗ, ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000. ಕಿಟಕಿ ಬಾಗಿಲು ಮುಚ್ಚಿದ ಈ ಕೋಣೆಯಲ್ಲಿ ಒಂದೇ ಪೀರಿಯಡ್ ಮುಗಿಯುವ ಮೊದಲು 2000 ದಾಟುತ್ತದೆ. 2000 ಎಂದರೆ, ಮಗು ಎಳೆದುಕೊಳ್ಳುವ ಪ್ರತಿ 25 ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಇನ್ನೊಬ್ಬರ ಶ್ವಾಸಕೋಶದೊಳಗೆ ಹೋಗಿ ಬಂದದ್ದು. ಅದೇ 800ಕ್ಕೆ ಇಳಿಸಿದರೆ ನೂರರಲ್ಲಿ ಒಂದು. ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಪ್ರತಿ ಕೋಣೆಗೂ ಒಂದು ಬೇಕಿಲ್ಲ. ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ (ಕ್ಲಸ್ಟರ್‌ಗೆ) ಒಂದು ಇದ್ದರೆ ಶಾಲೆಯಿಂದ ಶಾಲೆಗೆ ಒಯ್ದು, ಮಕ್ಕಳು ಕೂತಿರುವಾಗ ಪೀರಿಯಡ್‌ನ ಕೊನೆಯ ಐದು ನಿಮಿಷದಲ್ಲಿ ನೋಡಿದರೆ ಸಾಕು. ಕಿಟಕಿಯ ಹತ್ತಿರವಾಗಲಿ, ಯಾರದಾದರೂ ಬಾಯಿಯ ಎದುರಾಗಲಿ ಇಡಬಾರದು, ಲೆಕ್ಕ ತಪ್ಪುತ್ತದೆ.

ಮೀಟರ್ ಇಲ್ಲದವರಿಗೆ ಒಂದು ಊದುಬತ್ತಿ ಸಾಕು. ಫ್ಯಾನ್ ಆರಿಸಿ, ಹಚ್ಚಿದ ಊದುಬತ್ತಿಯನ್ನು ಕಿಟಕಿಯಿಂದ ಒಂದು ಗೇಣು ಒಳಗೆ ಹಿಡಿದು ನಿಲ್ಲಿ. ಹೊಗೆ ಒಳಕ್ಕೆ ಬಾಗಿದರೆ ಅಲ್ಲಿಂದ ಗಾಳಿ ಬರುತ್ತಿದೆ. ಎದುರು ಗೋಡೆಯ ಕಿಟಕಿಯ ಬಳಿ ಅದು ಹೊರಕ್ಕೆ ಹೋಗಬೇಕು. ಎರಡೂ ಕಡೆ ಹೊಗೆ ನೆಟ್ಟಗೆ ಮೇಲಕ್ಕೇರಿ ಸೂರಿನಡಿ ಸುರುಳಿ ಸುತ್ತಿದರೆ ಕೋಣೆ ಸತ್ತಿದೆ ಎಂದೇ ತಿಳಿಯಿರಿ. ಬಹಳಷ್ಟು ಕಡೆ ಹೀಗಾಗಲು ಕಾರಣ ಸಣ್ಣದು. ಹಿಂದಿನ ಗೋಡೆಯ ಕಿಟಕಿಗೆ ಕಳ್ಳರ ಭಯಕ್ಕೋ ದೂಳಿನ ಕಾಟಕ್ಕೋ ಮೊಳೆ ಹೊಡೆದಿರುತ್ತಾರೆ, ಇಲ್ಲವೇ ಅದಕ್ಕೆ ಅಡ್ಡಲಾಗಿ ಬೀರು ನಿಂತಿರುತ್ತದೆ. ಪಾರಿವಾಳ ಬರುತ್ತದೆಂದು ವೆಂಟಿಲೇಟರ್‌ಗೆ ರಟ್ಟು ಬಡಿದಿರುತ್ತಾರೆ. ರಟ್ಟು ತೆಗೆದು ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಹಾಕಿದರೆ ಪಾರಿವಾಳವೂ ಬರುವುದಿಲ್ಲ, ಬಿಸಿಯುಸಿರೂ ಮೇಲಿನಿಂದ ಹೊರಹೋಗುತ್ತದೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿ ಇಟ್ಟವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಒಲೆಯ ಹೊಗೆಯೂ ಜನರ ಉಸಿರೂ ಮೇಲಕ್ಕೆ ಹೋಗಲು ಅದೇ ದಾರಿ.

ಹೊಸ ಕಟ್ಟಡಗಳ ದೊಡ್ಡ ತೊಂದರೆ ಸ್ಲೈಡಿಂಗ್ ಕಿಟಕಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಬಿಸಿ ಪ್ರದೇಶಕ್ಕೆ ನೆಲದ ವಿಸ್ತೀರ್ಣದ ಹತ್ತನೇ ಒಂದು ಪಾಲಿನಷ್ಟು ಕಿಟಕಿ ಜಾಗ ಹೇಳುತ್ತದೆ. ಮೇಲಿನ 400 ಚದರಡಿ ಕೋಣೆಗೆ 40 ಚದರಡಿ. ನಾಲ್ಕಡಿ ಚೌಕದ ನಾಲ್ಕು ಕಿಟಕಿ ಇಟ್ಟರೆ 64 ಚದರಡಿ ಆಯಿತೆಂದು ನಕ್ಷೆಯಲ್ಲಿ ತೋರಿಸುತ್ತಾರೆ. ಆದರೆ ಎರಡು ಹಲಗೆಯ ಸ್ಲೈಡಿಂಗ್ ಕಿಟಕಿ ಎಷ್ಟು ಸರಿಸಿದರೂ ಅರ್ಧವೇ ತೆರೆಯುವುದು, ಅಂದರೆ 32. ಅದರ ಮೇಲೆ ಸೊಳ್ಳೆ ಜಾಲರಿ. ಜಾಲರಿ ಹೊಸದಿದ್ದಾಗಲೇ ಗಾಳಿಯನ್ನು ತಡೆಯುತ್ತದೆ. ನಮ್ಮ ಊರಿನ ದೂಳು ಕೂತ ಮೇಲೆ ಅದು ಬಟ್ಟೆ ಕಟ್ಟಿದಂತೆಯೇ. ಜಾಲರಿ ತೆಗೆಯಿರಿ ಎನ್ನಲಾಗದು, ಡೆಂಗಿಯೂ ಇಲ್ಲೇ ಇದೆ. ತಿಂಗಳಿಗೊಮ್ಮೆ ಬಿಚ್ಚಿ ಸೋಪಿನ ನೀರಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸಿ ಹಾಕಿ, ಅಷ್ಟಕ್ಕೇ ವ್ಯತ್ಯಾಸ ಊದುಬತ್ತಿಯಲ್ಲೇ ಕಾಣುತ್ತದೆ. ಹೊಸದಾಗಿ ಕಟ್ಟಿಸುವವರು ಪೂರ್ತಿ ತೆರೆಯುವ ಕದದ ಕಿಟಕಿಯನ್ನೇ ಹಾಕಿಸಿ.

ಮಳೆ ಬಂದಾಗ ಎಲ್ಲವನ್ನೂ ಮುಚ್ಚುವ ರೂಢಿ ಬಿಡಬೇಕು. ಮಳೆ ಎರಚುವುದು ಸಾಮಾನ್ಯವಾಗಿ ಒಂದು ದಿಕ್ಕಿನಿಂದ. ಆ ಕಡೆಯದನ್ನು ಮುಚ್ಚಿ, ಎದುರು ಕಡೆಯದನ್ನು ತೆರೆದಿಟ್ಟು, ಬಾಗಿಲನ್ನೂ ತೆರೆದಿಡಿ. ಒಂದೇ ಗೋಡೆಯ ಕಿಟಕಿಯನ್ನು ಪೂರ್ತಿ ತೆರೆಯುವುದಕ್ಕಿಂತ ಎದುರುಬದುರು ಗೋಡೆಗಳಲ್ಲಿ ಅರ್ಧಡಿ ಸಂದು ಬಿಡುವುದು ಮೇಲು. ‘ತಣ್ಣನೆ ಗಾಳಿ ಹೊಡೆದರೆ ಶೀತ ಆಗುತ್ತದೆ’ ಎಂಬ ಅಂಜಿಕೆಯಿಂದ ಹಿರಿಯರು ಕಿಟಕಿ ಮುಚ್ಚಿಸುತ್ತಾರೆ. ಶೀತ ತರುವುದು ವೈರಾಣು, ಅದು ಹೆಚ್ಚು ಸಿಗುವುದು ಮುಚ್ಚಿದ ಕೋಣೆಯಲ್ಲೇ. ಮಗುವಿಗೆ ಸ್ವೆಟರ್ ಹಾಕಿ, ಕಿವಿಗೆ ಟೋಪಿ ಕಟ್ಟಿ, ಕಿಟಕಿ ಮಾತ್ರ ತೆರೆದಿರಲಿ.

ಫ್ಯಾನ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಸೀಲಿಂಗ್ ಫ್ಯಾನ್ ಗಾಳಿಯನ್ನು ಕಲಕುತ್ತದೆ, ಬದಲಿಸುವುದಿಲ್ಲ. ಕಿಟಕಿ ತೆರೆದಿದ್ದರೆ ಅದು ಒಳ್ಳೆಯದು, ಮುಚ್ಚಿದ್ದರೆ ಮೊದಲ ಬೆಂಚಿನ ಉಸಿರನ್ನು ಕೊನೆಯ ಬೆಂಚಿಗೆ ತಲುಪಿಸುತ್ತದೆ. ಸ್ಪ್ಲಿಟ್ ಎಸಿಯದ್ದೂ ಇದೇ ಕಥೆ: ಹೊರಗಿನ ಪೆಟ್ಟಿಗೆಯಿಂದ ಒಳಗಿನದಕ್ಕೆ ಬರುವುದು ತಾಮ್ರದ ಕೊಳವೆಯಲ್ಲಿ ಅನಿಲವೇ ಹೊರತು ಹೊರಗಿನ ಗಾಳಿಯಲ್ಲ. ಎಸಿ ಹಾಕಿದ ಟ್ಯೂಷನ್ ಕೋಣೆಯಲ್ಲಿ 60 ಮಕ್ಕಳನ್ನು ಕೂರಿಸಿ ಎರಡು ತಾಸು ಬಾಗಿಲು ಹಾಕಿದರೆ, ತಂಪಾಗುವುದು ಅದೇ ಹಳೆಯ ಉಸಿರು. ಅಂಥ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ. 40 ಜನಕ್ಕೆ ಗಂಟೆಗೆ 1440 ಘನ ಮೀಟರ್. ಎಕ್ಸಾಸ್ಟ್ ಫ್ಯಾನಿನ ಪೆಟ್ಟಿಗೆಯ ಮೇಲೆ ಅದು ಗಂಟೆಗೆ ಎಷ್ಟು ಗಾಳಿ ಹೊರಹಾಕುತ್ತದೆ ಎಂದು ಬರೆದಿರುತ್ತದೆ, ಅದನ್ನು ನೋಡಿ ಒಂದು ಬೇಕೋ ಎರಡು ಬೇಕೋ ತೀರ್ಮಾನಿಸಿ. ಅಡುಗೆಮನೆಗೆ ಹಾಕುವ ಆರಿಂಚಿನದು ಇದಕ್ಕೆ ಸಾಲದು.

ಹಾಕುವ ಜಾಗ ತಪ್ಪಿದರೆ ದುಡ್ಡು ದಂಡ. ಎಕ್ಸಾಸ್ಟ್ ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದಿದ್ದರೆ ಗಾಳಿ ಕಿಟಕಿಯಿಂದ ಬಂದು ಹಾಗೇ ಫ್ಯಾನಿಗೆ ಹೋಗಿಬಿಡುತ್ತದೆ, ಕೋಣೆಯ ಉಳಿದ ಭಾಗ ಹಾಗೇ ಉಳಿಯುತ್ತದೆ. ಬಾಗಿಲಿಗೆ ಎದುರಿನ ಗೋಡೆಯಲ್ಲಿ, ಮೇಲೆ ಹಾಕಿ. ಪಕ್ಕದ ಕಿಟಕಿ ಮುಚ್ಚಿ, ಎದುರಿನ ಬಾಗಿಲಿನಿಂದ ಗಾಳಿ ಬರಲು ಬಿಡಿ. ಕೆಲವೊಮ್ಮೆ ಫ್ಯಾನನ್ನೇ ಹಿಂದುಮುಂದಾಗಿ ಕೂರಿಸಿರುತ್ತಾರೆ, ಅದು ಹೊರಗಿನಿಂದ ಒಳಕ್ಕೆ ಊದುತ್ತಿರುತ್ತದೆ. ಒಳಗಿನಿಂದ ಒಂದು ಹಾಳೆಯನ್ನು ಜಾಲರಿಗೆ ಹಿಡಿದು ನೋಡಿ, ಹಾಳೆ ಅಂಟಿಕೊಂಡರೆ ಸರಿ.

ಟ್ಯೂಷನ್‌ನವರು ಒಂದು ಬ್ಯಾಚ್ ಬಿಟ್ಟ ಕೂಡಲೇ ಇನ್ನೊಂದನ್ನು ಕೂರಿಸುತ್ತಾರೆ. ಗಂಟೆಗೆ ಆರು ಸಲ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳಲ್ಲಿ ಶೇ 90ರಷ್ಟು ಹೊರಹೋಗಲು 23 ನಿಮಿಷ, ಶೇ 99ಕ್ಕೆ 46 ನಿಮಿಷ ಬೇಕು. ಗಂಟೆಗೆ ಅರ್ಧ ಸಲವೂ ಬದಲಾಗದ ಮುಚ್ಚಿದ ಕೋಣೆಯಲ್ಲಿ ಶೇ 90ಕ್ಕೇ ನಾಲ್ಕೂವರೆ ಗಂಟೆ. ಬೆಳಗಿನ ಬ್ಯಾಚಿನ ಹುಡುಗ ಬಿಟ್ಟುಹೋದದ್ದನ್ನು ಎರಡನೇ ಬ್ಯಾಚಿನವರು ಎಳೆದುಕೊಳ್ಳುತ್ತಾರೆ. ನಡುವೆ ಇಪ್ಪತ್ತು ನಿಮಿಷವಾದರೂ ಎಲ್ಲವನ್ನೂ ತೆರೆದಿಡಿ.

ಇನ್ನು ಕ್ಲಿನಿಕ್. ನಮ್ಮ ಊರಿನಲ್ಲಿ ಎಷ್ಟೋ ಕ್ಲಿನಿಕ್‌ಗಳು ನಡೆಯುವುದು ಅಂಗಡಿಗೆಂದು ಕಟ್ಟಿದ ಮಳಿಗೆಯಲ್ಲಿ. ಮುಂದೆ ಒಂದು ಶಟರ್, ಮೂರು ಕಡೆ ಗೋಡೆ, ನಡುವೆ ಸೂರಿನ ತನಕ ಪ್ಲೈವುಡ್ ಪಾರ್ಟಿಷನ್, ಅದರ ಹಿಂದೆ ವೈದ್ಯರು. ಮುಂದಿನ ಹತ್ತಡಿ ಜಾಗದಲ್ಲಿ ಜ್ವರದ ಮಕ್ಕಳು, ಸಕ್ಕರೆ ಕಾಯಿಲೆಯ ಅಜ್ಜಂದಿರು, ತಪಾಸಣೆಗೆ ಬಂದ ಬಸುರಿಯರು ಒಟ್ಟಿಗೇ ಒಂದು ತಾಸು ಕಾಯುತ್ತಾರೆ. ರೋಗ ಇಲ್ಲದವರೂ ರೋಗ ಹೊತ್ತು ಹೋಗುವ ಜಾಗ ಇದೇ. ಮೂರು ಕೆಲಸ ಮಾಡಿದರೆ ಬಹಳ ಬದಲಾಗುತ್ತದೆ. ಪಾರ್ಟಿಷನ್‌ನ ಮೇಲ್ಭಾಗವನ್ನು ಒಂದೂವರೆ ಅಡಿ ಕತ್ತರಿಸಿ ತೆರೆದಿಡಿ, ಹಿಂದಿನ ಗೋಡೆಗೆ ಎಕ್ಸಾಸ್ಟ್ ಹಾಕಿಸಿ, ಕೆಮ್ಮು ಜ್ವರದವರಿಗೆ ಹೊರಗೆ ಚಪ್ಪರದಡಿ ಬೆಂಚು ಹಾಕಿ ಹೆಸರು ಕೂಗಿದಾಗ ಒಳಕ್ಕೆ ಕರೆಯಿರಿ. ಮೂರನೆಯದಕ್ಕೆ ಒಂದು ಬೆಂಚಿನ ಖರ್ಚು ಮಾತ್ರ.

ಹಾಸ್ಟೆಲ್‌ಗಳಲ್ಲಿ ಮಂಚಗಳ ನಡುವೆ ಕನಿಷ್ಠ ಒಂದು ಮೀಟರ್ ಅಂತರ ಬೇಕು. ಅಷ್ಟು ಜಾಗವಿಲ್ಲದ ಕಡೆ ಒಬ್ಬರ ತಲೆಯ ಪಕ್ಕ ಇನ್ನೊಬ್ಬರ ಕಾಲು ಬರುವಂತೆ ಮಲಗಿಸಿ, ಮುಖದಿಂದ ಮುಖಕ್ಕೆ ದೂರ ಹೆಚ್ಚುತ್ತದೆ. ಬಸ್ಸಿನಲ್ಲಿ ನಿಮ್ಮ ಕಿಟಕಿಯನ್ನು ನಾಲ್ಕು ಬೆರಳಾದರೂ ತೆರೆದಿಡಿ. ದುಗ್ಗಮ್ಮನ ಜಾತ್ರೆಯಂಥ ಬಯಲಿನ ಜನಸಂದಣಿಗಿಂತ, ಜಾತ್ರೆಗೆ ಬಂದ ಇಪ್ಪತ್ತು ನೆಂಟರು ರಾತ್ರಿ ಒಂದೇ ಪಡಸಾಲೆಯಲ್ಲಿ ಕಿಟಕಿ ಹಾಕಿ ಮಲಗುವುದೇ ಹೆಚ್ಚು ಅಪಾಯ.

ಇಷ್ಟು ಹೇಳಿದ ಮೇಲೆ, ಕೆಲಸಕ್ಕೆ ಬಾರದ ಖರ್ಚುಗಳ ಬಗ್ಗೆಯೂ ಹೇಳಬೇಕು. ಜ್ವರ ಹೆಚ್ಚಿದ ಕೂಡಲೇ ‘ನಮ್ಮ ಓಣಿಗೆ ಫಾಗಿಂಗ್ ಮಾಡಿಸಿ’ ಎಂಬ ಬೇಡಿಕೆ ಬರುತ್ತದೆ. ಫಾಗಿಂಗ್ ಕೊಲ್ಲುವುದು ಹಾರುವ ಸೊಳ್ಳೆಯನ್ನು, ಫ್ಲೂ ವೈರಾಣುವನ್ನಲ್ಲ. ರಸ್ತೆಗೆ ಬ್ಲೀಚಿಂಗ್ ನೀರು ಸಿಂಪಡಿಸುವುದೂ ವ್ಯರ್ಥ, ಮನುಷ್ಯರ ಮೇಲೆ ಸಿಂಪಡಿಸುವುದಂತೂ ಅಪಾಯ. ವೈರಾಣು ಸ್ಟೀಲ್, ಪ್ಲಾಸ್ಟಿಕ್‌ನಂಥ ನುಣುಪು ಮೇಲ್ಮೈಗಳ ಮೇಲೆ 24ರಿಂದ 48 ಗಂಟೆ ಬದುಕಬಲ್ಲದು, ಬಟ್ಟೆ ಕಾಗದದ ಮೇಲೆ ಅರ್ಧ ದಿನಕ್ಕಿಂತ ಕಡಿಮೆ, ಕೈ ಮೇಲೆ ಕೆಲವೇ ನಿಮಿಷ. ಹಾಗಾಗಿ ಹಲವರು ಮುಟ್ಟುವ ಬಾಗಿಲ ಹಿಡಿ, ನಲ್ಲಿ, ಕುಡಿಯುವ ನೀರಿನ ಲೋಟಗಳನ್ನು ದಿನಕ್ಕೊಮ್ಮೆ ಸೋಪಿನಿಂದ ಒರೆಸಿದರೆ ಸಾಕು. ಬ್ಲೀಚಿಂಗ್ ಪುಡಿಯೇ ಬೇಕೆಂದರೆ ಶೇ 30 ಕ್ಲೋರಿನ್ ಇರುವ ಪುಡಿ ಒಂದು ಲೀಟರ್ ನೀರಿಗೆ 3ರಿಂದ 4 ಗ್ರಾಂ, ಅಂದರೆ ಶೇ 0.1ರ ದ್ರಾವಣ. ಅಂದಿನದ್ದು ಅಂದೇ ಕಲಸಿ, ನಿನ್ನೆಯದರಲ್ಲಿ ಶಕ್ತಿ ಇರುವುದಿಲ್ಲ. ಪಾಯಿಖಾನೆ ತೊಳೆಯುವ ಆ್ಯಸಿಡ್ ಜೊತೆ ಅದನ್ನು ಎಂದಿಗೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಕೈಗೆ ಸೋಪೇ ಶ್ರೇಷ್ಠ. ಈ ವೈರಾಣುವಿನ ಹೊದಿಕೆ ಜಿಡ್ಡಿನದು, ಸೋಪು ಅದನ್ನು ಕರಗಿಸುತ್ತದೆ, ಆದರೆ 20 ಸೆಕೆಂಡು ಉಜ್ಜಬೇಕು.

ಮನೆಯಲ್ಲಿ ಒಬ್ಬರು ಮಲಗಿದಾಗ ಮಾಸ್ಕ್ ಮೊದಲು ಬೇಕಾದದ್ದು ರೋಗಿಗೆ. ಉಸಿರು ಹೊರಬೀಳುವ ಜಾಗದಲ್ಲೇ ತಡೆಯುವುದು ಸುಲಭ. ಆರೈಕೆ ಮಾಡುವವರಿಗೆ ಎನ್‌95. ಅದು ಕೆಲಸ ಮಾಡುವುದು ಅಂಚಿನಲ್ಲಿ ಗಾಳಿ ಸೋರದಿದ್ದರೆ ಮಾತ್ರ. ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈ ಬೆರಳುಗಳಿಂದ ಒತ್ತಿ, ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೆ ಬಿಸಿ ಗಾಳಿ ಬಂದರೆ ಸೋರುತ್ತಿದೆ. ದಟ್ಟ ಗಡ್ಡವಿದ್ದರೆ ಖಂಡಿತ ಸೋರುತ್ತದೆ. ಕವಾಟವಿರುವ ಮಾಸ್ಕ್ ರೋಗಿಗೆ ಬೇಡ, ಬಿಡುವ ಉಸಿರು ಅದರಲ್ಲಿ ಸೋಸದೇ ಹೊರಬರುತ್ತದೆ. ಎನ್‌95 ತೊಳೆಯಬೇಡಿ, ನಾಲ್ಕೈದು ಇಟ್ಟುಕೊಂಡು ಕಾಗದದ ಚೀಲದಲ್ಲಿ ದಿನಕ್ಕೊಂದರಂತೆ ಸರದಿಯಲ್ಲಿ ಬಳಸಿ, ಲಾಡಿ ಸಡಿಲಾದಾಗ ಬಿಸಾಡಿ. ಹೆಗಲ ಟವೆಲ್‌ ಮುಖಕ್ಕೆ ಸುತ್ತಿಕೊಂಡರೆ ದೊಡ್ಡ ಹನಿ ತಡೆದೀತು, ಸಣ್ಣ ಕಣಗಳನ್ನಲ್ಲ.

ಔಷಧದ ವಿಷಯದಲ್ಲಿ ಪದೇ ಪದೇ ಆಗುವ ತಪ್ಪು ಪ್ಯಾರಾಸಿಟಮಾಲ್‌ ಅಳತೆಯದ್ದು. ಮಗುವಿನ ತೂಕ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಆದರೆ ಅಂಗಡಿಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಕೂಸುಗಳ ಹನಿ ಔಷಧದಲ್ಲಿ ಒಂದೇ ಮಿಲಿಲೀಟರಿಗೆ 100. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ ಮೊದಲನೆಯದರಲ್ಲಿ 6, ಎರಡನೆಯದರಲ್ಲಿ 3, ಹನಿಯಲ್ಲಿ ಒಂದೂವರೆ ಮಿಲಿಲೀಟರ್. ಅಣ್ಣನ ಬಾಟಲಿಯಿಂದ ತಮ್ಮನಿಗೆ ಅದೇ ಮುಚ್ಚಳ ಹಿಡಿದು ಹಾಕಿದರೆ ಲೆಕ್ಕ ದುಪ್ಪಟ್ಟಾಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆ ಓದಿ, ಸಿರಿಂಜಿನಿಂದ ಅಳೆದು ಹಾಕಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಆ್ಯಂಟಿಬಯೋಟಿಕ್ ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ, ‘ಪವರ್ ಇರುವ ಗುಳಿಗೆ ಕೊಡಿ’ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಬೇಡಿ. ಫ್ಲೂಗೆ ಒಸೆಲ್ಟಮಿವಿರ್ ಎಂಬ ಔಷಧ ಇದೆ. ದೊಡ್ಡವರಿಗೆ 75 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ದಿನ, ವೈದ್ಯರು ಬರೆದರೆ ಮಾತ್ರ. ಲಕ್ಷಣ ಕಂಡ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಗುಣ. ಆದ್ದರಿಂದ ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, 60 ದಾಟಿದವರು, ಸಕ್ಕರೆ, ಹೃದಯ, ಕಿಡ್ನಿ ತೊಂದರೆ ಇರುವವರು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದು ಆಗಲೇ ಉಬ್ಬಸ ಇರುವವರು ‘ನಾಲ್ಕು ದಿನ ನೋಡೋಣ’ ಎಂದು ಕಾಯಬಾರದು.

ಮಗುವಿನ ಉಸಿರನ್ನು ಎಣಿಸುವುದು ಪ್ರತಿ ತಾಯಿಗೂ ಗೊತ್ತಿರಬೇಕು. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಎದೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು, ಅಂದೇ ವೈದ್ಯರ ಬಳಿ ಹೋಗಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವುದನ್ನು ಬಿಟ್ಟು ಮಂಕಾದರೆ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ತೋರಿಸಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಜಗಳೂರು, ಚನ್ನಗಿರಿ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಆಮೇಲೆ ದಾವಣಗೆರೆಗೆ ಹೊರಡುವುದು ಕ್ಷೇಮ. ಜ್ವರ ಇಳಿದು ಎರಡು ದಿನ ಚೆನ್ನಾಗಿದ್ದು ಮತ್ತೆ ಏರಿದರೂ ತೋರಿಸಲೇಬೇಕು, ಅದು ನ್ಯುಮೋನಿಯಾ ಸುಳಿವು.

ಲಸಿಕೆಗೆ ಇದೇ ಸರಿಯಾದ ಹೊತ್ತು. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು, ಮಳೆಗಾಲದ ಅಲೆಗೆ ಮೇ ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ವೈರಾಣು ವೇಷ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯ ಹೊಸ ಸೂತ್ರ ಪ್ರಕಟಿಸುತ್ತದೆ. ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು, ಪೆಟ್ಟಿಗೆಯ ಮೇಲಿನ ವರ್ಷ ನೋಡಿ. ಆರು ತಿಂಗಳೊಳಗಿನ ಕೂಸಿಗೆ ಕೊಡುವಂತಿಲ್ಲ, ಬಸುರಿಯಲ್ಲಿ ತಾಯಿ ಹಾಕಿಸಿಕೊಂಡರೆ ಅದೇ ಕೂಸಿಗೂ ಕಾವಲು. ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು, ಎರಡನೆಯದನ್ನು ಮರೆಯುವವರೇ ಹೆಚ್ಚು. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಮೆಡಿಕಲ್ ಶಾಪಿನಿಂದ ಮನೆಗೆ ತಂದು ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟು ನಾಳೆ ಹಾಕಿಸೋಣ ಎನ್ನಬೇಡಿ. ಇದು ಸರ್ಕಾರಿ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ. ಬಡ ಬಸುರಿಯರಿಗೂ ಹಿರಿಯರಿಗೂ ಇದನ್ನು ಉಚಿತವಾಗಿ ಕೊಡಬೇಕು ಎಂಬುದು ನಮ್ಮ ದೃಢವಾದ ಒತ್ತಾಯ.

ಶಾಲೆಗಳಿಗೆ ಮತ್ತೊಂದು ಕೋರಿಕೆ: ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಬಿಡಿ. ಅದಕ್ಕಾಗಿಯೇ ಬೆಳಗ್ಗೆ ಒಂದು ಮುಚ್ಚಳ ಸಿರಪ್ ಕುಡಿಸಿ ಮಗುವನ್ನು ಕಳುಹಿಸುತ್ತಾರೆ, ಹನ್ನೊಂದಕ್ಕೆ ಔಷಧದ ಗುಣ ಇಳಿದು ಮಗುವಿನ ಮೈ ಮತ್ತೆ ಸುಡುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದವರಿಗೆ ದಾಟಿರುತ್ತದೆ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಮಗು ಬರಲಿ. ನಾಟಿ, ಕಳೆ ಕೆಲಸಕ್ಕೆ ಹೋಗುವ ತಾಯಿಗೆ ಮಗುವನ್ನು ಮನೆಯಲ್ಲಿ ಬಿಡಲು ಆಗುವುದಿಲ್ಲ, ಅದು ನಮಗೂ ಗೊತ್ತು. ಅಂಥ ಮಗುವನ್ನು ಬೈದು ವಾಪಸ್ ಕಳುಹಿಸದೆ, ಮಾಸ್ಕ್ ಹಾಕಿಸಿ ವರಾಂಡದಲ್ಲಿ ಕಿಟಕಿಯ ಹೊರಗೆ ಕೂರಿಸಿ ಪಾಠ ಕೇಳಲು ಬಿಡಿ.

ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಈ ಎರಡು ವಾರದಲ್ಲಿ ಒಂದು ದಿನ ಸುತ್ತಿಗೆ, ಇಕ್ಕಳ, ಎಣ್ಣೆ ಡಬ್ಬಿ, ಊದುಬತ್ತಿ ಹಿಡಿದು ಕೋಣೆ ಕೋಣೆ ಸುತ್ತಲಿ. ಮೊಳೆ ಕೀಳಿ, ಬೀರು ಸರಿಸಿ, ತುಕ್ಕು ಹಿಡಿದ ಕೊಂಡಿಗೆ ಎಣ್ಣೆ ಬಿಡಿ, ಗಾಳಿಗೆ ಬಡಿಯದಂತೆ ಕದಕ್ಕೆ ಕೊಕ್ಕೆ ಹಾಕಿಸಿ. ಕೊಕ್ಕೆ ಇಲ್ಲದ ಕದ ಮೊದಲ ಬಿರುಗಾಳಿಗೇ ಬಡಿದು ಗಾಜು ಒಡೆಯುತ್ತದೆ, ಮರುದಿನ ಯಾರೋ ಅದಕ್ಕೆ ಮತ್ತೆ ಮೊಳೆ ಹೊಡೆಯುತ್ತಾರೆ.

— ಸಾರ್ವಜನಿಕ ಆರೋಗ್ಯ ಕ್ಷೇತ್ರದ ಕೆಲವು ವೈದ್ಯರು, ದಾವಣಗೆರೆ